ಹೇಳೋಕೆ ಧೈರ್ಯ, ಕೇಳೋಕೆ ಇನ್ನಷ್ಟು ಧೈರ್ಯ

ನಮ್ಮ ಆಫೀಸುಗಳಲ್ಲಿ ಜನ ಏನೇನೋ ಮಾತಾಡ್ತಾರೆ. ಹೋಮ್ ಲೋನು, ಡಯಟ್ಟು, ವಿಚ್ಛೇದನ, ಮ್ಯಾನೇಜರನ ಬುದ್ಧಿ, ಯಾವುದಕ್ಕೂ ಸಂಕೋಚವಿಲ್ಲ. ಆದರೆ ದೇವರ ವಿಷಯ ಬಂದ ಕೂಡಲೇ ಎಲ್ಲರೂ ಮೊಬೈಲ್ ನೋಡೋಕೆ ಶುರು. ಕ್ರೈಸ್ತರಿಗೆ ಈ ಸಂಕೋಚ ಇನ್ನೊಂದು ಪಟ್ಟು ಜಾಸ್ತಿ. ನಾನೂ ಕ್ರೈಸ್ತ, ಹಾಗಾಗಿ ಗೊತ್ತು. ನಮ್ಮ ನಂಬಿಕೆ ಬಗ್ಗೆ ಎರಡು ಮಾತು ಹೇಳಿದರೆ, ಎದುರಿಗಿರೋರು "ಓಹ್, ಇವರು ಕನ್ವರ್ಟ್ ಮಾಡೋಕೆ ಬಂದ್ರು" ಅಂದುಕೊಳ್ತಾರೇನೋ ಅನ್ನೋ ಅಳುಕು. ಹೇಳದೇ ಇದ್ದರೆ, ಬದುಕಿನಲ್ಲಿ ತನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದನ್ನೇ ಗೆಳೆಯರಿಂದ ಬಚ್ಚಿಟ್ಟ ಕಸಿವಿಸಿ.

ಈ ಅಳುಕು ಹೊಸದೇನಲ್ಲ. ಯೇಸುವಿನ ಅತ್ಯಂತ ಗಟ್ಟಿ ಶಿಷ್ಯ ಅನ್ನಿಸಿಕೊಂಡಿದ್ದ ಪೇತ್ರನನ್ನು ಹೆದರಿಸಿದ್ದು ರೋಮಿನ ಸೈನಿಕರಲ್ಲ. ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ತಾ ಕೂತಿದ್ದಾಗ ಒಬ್ಬ ಕೆಲಸದ ಹುಡುಗಿ ನೀನೂ ಅವನ ಜೊತೆಗಿದ್ದವನಲ್ಲವೇ ಅಂತ ಕೇಳಿದಳು, ಅಷ್ಟೇ. ಮಾಮೂಲಿ ಜಾಗ, ಮಾಮೂಲಿ ಪ್ರಶ್ನೆ. ಆತ ಇಲ್ಲ ಅಂದುಬಿಟ್ಟ.

ಹಾಗಾದರೆ ಧೈರ್ಯ ಅಂದರೆ ಏನು? ಇದಕ್ಕೆ ಉತ್ತರ ಹುಡುಕೋಕೆ ನಾನು ಸಾಮಾನ್ಯವಾಗಿ ಯಾರೂ ಹೋಗದ ಒಂದು ಕಡೆ ಹೋಗ್ತೀನಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಇಂದಿನ ಹಾವೇರಿ ಜಿಲ್ಲೆಯ ಈ ಸೀಮೆ 1997ರವರೆಗೂ ಧಾರವಾಡ ಜಿಲ್ಲೆಗೆ ಸೇರಿತ್ತು. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋವಾಗ ಬಸ್ಸಿನಲ್ಲಿ ನಾವು ನಿದ್ದೆ ಹೊಡೆಯೋ ಜಾಗ ಇದು. ಆದರೆ ನನ್ನ ನಂಬಿಕೆಯನ್ನು ಇನ್ನೊಬ್ಬರ ಮುಂದೆ ಹೇಗೆ ಇಡಬೇಕು ಅನ್ನೋ ಪ್ರಶ್ನೆಯನ್ನು ಈ ನೆಲ ಎಂಟುನೂರು ವರ್ಷಗಳಿಂದ ಕೇಳಿಕೊಳ್ತಾ ಬಂದಿದೆ.

ಮೊದಲು ಹಿರೇಕೆರೂರು ತಾಲೂಕಿನ ಅಬಲೂರು. ಇಲ್ಲಿನ ಸೋಮೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 1200ರ ಒಂದು ಶಾಸನವಿದೆ. ಅದು ಏಕಾಂತದ ರಾಮಯ್ಯನ ಕಥೆ ಹೇಳುತ್ತೆ. ಅಲಂದೆ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಆಳಂದದಿಂದ ಬಂದ ಈ ಶಿವಭಕ್ತನಿಗೂ ಅಬಲೂರಿನ ಜೈನರಿಗೂ ವಾದ ಹತ್ತಿತು. ರಾಮಯ್ಯ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಒಪ್ಪಿಸ್ತೀನಿ, ಅದು ಮತ್ತೆ ಬಂದರೆ ನಿಮ್ಮ ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು ಅಂತ ಪಣ ಕಟ್ಟಿದ. ಅವರು ಓಲೆ ಬರೆದುಕೊಟ್ಟರು. ಶಾಸನದ ಪ್ರಕಾರ ಏಳು ದಿನದ ನಂತರ ಗಾಯದ ಗುರುತೂ ಇಲ್ಲದ ಹಾಗೆ ತಲೆ ವಾಪಸ್ ಬಂತು, ರಾಮಯ್ಯ ಜಿನಮೂರ್ತಿಯನ್ನು ಒಡೆದ, ದೂರು ಹೋದಾಗ ದೊರೆ ಬಿಜ್ಜಳ ಅವನಿಗೇ ಜಯಪತ್ರ ಕೊಟ್ಟ. ಸುದ್ದಿ ಕೇಳಿದ ಹಾನಗಲ್ಲಿನ ಕದಂಬ ದೊರೆ ಕಾಮದೇವನೂ ದೇವಸ್ಥಾನಕ್ಕೆ ಊರು ದತ್ತಿ ಬಿಟ್ಟ. ಕಥೆಯ ದೃಶ್ಯಗಳನ್ನು ಗುಡಿಯಲ್ಲಿ ಕಲ್ಲಿನಲ್ಲೂ ಕೆತ್ತಿದ್ದಾರೆ.

ತಲೆ ಕೊಡೋದಕ್ಕಿಂತ ದೊಡ್ಡ ಧೈರ್ಯ ಯಾವುದಿದೆ ಹೇಳಿ? ಆದರೆ ಈ ಕಥೆಯಲ್ಲಿ ಒಂದು ವಿಷಯ ಗಮನಿಸಿ. ಇಲ್ಲಿ ಗೆದ್ದವರ ಮಾತು ಮಾತ್ರ ಕಲ್ಲಿನ ಮೇಲಿದೆ. ಅಬಲೂರಿನ ಜೈನರು ಅವತ್ತು ರಾತ್ರಿ ಮನೆಗೆ ಹೋಗಿ ಏನು ಮಾತಾಡಿಕೊಂಡರು ಅನ್ನೋದನ್ನು ಯಾರೂ ಬರೆದಿಡಲಿಲ್ಲ. ಪಣದಲ್ಲಿ ಎದುರಿಗಿರೋನು ಸೋಲಬಹುದು, ಓಡಿಹೋಗಬಹುದು. ಮನಸ್ಸಿನಿಂದ ಒಪ್ಪೋಕೆ ಅಥವಾ ನಗುತ್ತಾ ಬೇಡ ಅನ್ನೋಕೆ ಅವನಿಗೆ ಅಲ್ಲಿ ಜಾಗವೇ ಇಲ್ಲ.

ಅದೇ ಸೀಮೆಯಲ್ಲಿ ಇನ್ನೊಂದು ಬಗೆಯ ಮಾತೂ ಬೆಳೆಯಿತು. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದವರು ಷರೀಫರು. ಮುಸ್ಲಿಂ ಮನೆಯ ಹುಡುಗ, ಗುರು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರು. ಸೋರುವ ಮಾಳಿಗೆ, ಗುಡುಗುಡಿ, ಹೀಗೆ ಮನೆಯಲ್ಲಿ ಕಣ್ಣಿಗೆ ಬಿದ್ದ ಸಾಮಾನುಗಳನ್ನೇ ಹಿಡಿದು ಅವರು ಪರಮಾರ್ಥ ಹೇಳಿದರು. 1889ರಲ್ಲಿ ತೀರಿಕೊಂಡ ಅವರ ಗದ್ದಿಗೆಗೆ ಇವತ್ತಿಗೂ ಎರಡೂ ಕಡೆಯ ಜನ ಬರ್ತಾರೆ. ಷರೀಫರು ಯಾರ ಜೊತೆಗೂ ಪಣ ಕಟ್ಟಲಿಲ್ಲ. ಹಾಗಂತ ತಮ್ಮ ಮಾತನ್ನು ಮೆತ್ತಗೆ ಮಾಡಲೂ ಇಲ್ಲ.

ಪಕ್ಕದ ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಅದೇ ಊರಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ದೊಡ್ಡಹುಣಸೆ ಮಠದಲ್ಲಿ ಬಾವೊಬಾಬ್ ಮರಗಳಿವೆ. ಆಫ್ರಿಕಾ ಮೂಲದ ಈ ಮರಕ್ಕೆ ಊರಿನವರು ಕೊಟ್ಟ ಹೆಸರು ದೊಡ್ಡಹುಣಸೆ. ಹೊರಗಿನಿಂದ ಬಂದದ್ದು ಬೇರು ಬಿಟ್ಟು, ಕನ್ನಡದ ಹೆಸರು ಪಡೆದು, ಕೊನೆಗೆ ಒಂದು ಮಠಕ್ಕೇ ಗುರುತಾಗಿಬಿಟ್ಟಿದೆ. ಕ್ರೈಸ್ತನಾದ ನನಗೆ ಆ ಮರ ಒಂದು ಪ್ರಶ್ನೆ ಹಾಕುತ್ತೆ: ನಮ್ಮ ಮಾತೂ ಹಾಗೆ ಬೇರು ಬಿಟ್ಟಿದೆಯಾ?

ಆ ಮಾತು ಈ ಕಡೆಗೆ ಬಂದದ್ದು ಹೀಗೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳು ಶುರುವಾದವು. ಆಗ ಷರೀಫರಿಗೆ ಇಪ್ಪತ್ತು ವರ್ಷ. ಮಿಷನರಿಗಳು ಊರೂರು ತಿರುಗಿ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತಾಡಿದರು, ಸಣ್ಣ ಸಣ್ಣ ಪುಸ್ತಕ ಹಂಚಿದರು. ಸಂತೆಯಲ್ಲಿ ನಿಂತು ಮಾತಾಡೋದು ಅಂದರೆ ಸುಮ್ನೆ ಅಲ್ಲ. ಜನ ನಗ್ತಾರೆ, ಅಡ್ಡ ಪ್ರಶ್ನೆ ಹಾಕ್ತಾರೆ, ಎತ್ತಿನ ವ್ಯಾಪಾರ ಕುದುರಿದರೆ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾರೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಆ ಕಾಲದಲ್ಲಿ ಬಿಳಿಯ ಪಾದ್ರಿಯ ಬೆನ್ನ ಹಿಂದೆ ಕಂಪನಿ ಸರ್ಕಾರದ ನೆರಳಿತ್ತು. ಬಾಸೆಲ್‌ನವರು ಜರ್ಮನ್ನರು, ಸ್ವಿಸ್ಸರು, ಬ್ರಿಟಿಷರಲ್ಲ ಅನ್ನೋದು ನಿಜ. ಆದರೆ ಸಂತೆಗೆ ಬಂದ ರೈತನಿಗೆ ಆ ವ್ಯತ್ಯಾಸ ಎಷ್ಟು ಕಂಡೀತು? ಸಾಹೇಬ ಮಾತಾಡಿದಾಗ ಸುಮ್ಮನೆ ಕೇಳಿಸಿಕೊಂಡವರೆಲ್ಲ ಒಪ್ಪಿಕೊಂಡೇ ಕೇಳಿದರು ಅಂತ ಹೇಳೋಕಾಗಲ್ಲ. ಅಧಿಕಾರ ಬೆನ್ನಿಗಿರುವಾಗ ತೋರಿಸೋ ಧೈರ್ಯಕ್ಕೆ ಬೆಲೆ ಸ್ವಲ್ಪ ಕಮ್ಮಿಯೇ. ಇವತ್ತು ಆಫೀಸಿನಲ್ಲಿ ಬಾಸ್ ಆದವನು ತನ್ನ ಟೀಮಿನ ಹುಡುಗನಿಗೆ ಧರ್ಮ ಹೇಳೋಕೆ ಹೋದರೂ ಇದೇ ಮಾತು ಅನ್ವಯಿಸುತ್ತೆ, ಆ ಧರ್ಮ ಯಾವುದೇ ಆಗಿರಲಿ.

ಆದರೂ ಅವರಲ್ಲಿ ಕೆಲವರು ಬೇಗ ಒಂದು ಪಾಠ ಕಲಿತರು. ಎದುರಿಗಿರೋನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯದೆ ಅವನಿಗೆ ಏನೂ ಹೇಳೋಕೆ ಸಾಧ್ಯವಿಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೊಗ್ಲಿಂಗ್, 1850ರ ಹೊತ್ತಿಗೆ ದಾಸರ ಪದಗಳನ್ನೂ ಬಸವ ಪುರಾಣವನ್ನೂ ಅಚ್ಚಿಗೆ ತಂದರು. ಬಾಡದ ಕನಕದಾಸರಂಥವರ ಪರಂಪರೆ ಪುಸ್ತಕದ ರೂಪ ಕಂಡದ್ದರಲ್ಲಿ ಒಬ್ಬ ಪಾದ್ರಿಯ ಕೈ ಇದೆ. 1853ರಲ್ಲಿ ಬಂದ ಕಿಟ್ಟೆಲ್, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಬೇಕು ಅಂತ ಹೊರಟು 1862ರಲ್ಲಿ 'ಕಥಾಮಾಲೆ' ಬರೆದರು. 1894ರಲ್ಲಿ ಬಂದ ಅವರ ನಿಘಂಟಿನ ಬಗ್ಗೆ ನಾನು ಹೇಳೋದೇ ಬೇಡ. ಹೇಳೋಕೆ ಅಂತ ಬಂದವರು ಕೇಳಿಸಿಕೊಳ್ಳೋರಾದರು. ಅವರ ಹೆಸರು ಇವತ್ತಿಗೂ ಕನ್ನಡದಲ್ಲಿ ಉಳಿದಿರೋದು ಆ ಕೇಳಿಸಿಕೊಂಡ ಭಾಗದಿಂದ.

ಧೈರ್ಯದ ಲೆಕ್ಕದಲ್ಲಿ ನಾವು ಇನ್ನೊಬ್ಬರನ್ನು ಮರೆಯೋದುಂಟು. ಅದು ಕೇಳಿ, ಯೋಚಿಸಿ, ಹೌದು ಅಂದವನು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಪತ್ನಿ ಅವರ ಜೊತೆ ಬರಲಿಲ್ಲ. ಮತ ಬದಲಿಸಿದವರು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದು ಅನ್ನೋ ಕಾನೂನು ಇಡೀ ಕಂಪನಿ ಆಡಳಿತಕ್ಕೆ ಬಂದದ್ದೇ 1850ರಲ್ಲಿ. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು. ಹೇಳಿದವನಿಗೆ ಒಂದು ಬಿಸಿಲಿನ ದಿನ, ನಾಲ್ಕು ಬೈಗುಳ ಖರ್ಚಾಗಿರಬಹುದು. ಕೇಳಿದವನಿಗೆ ಮನೆ, ಜಾತಿ, ನೆಂಟರು ಎಲ್ಲ ಖರ್ಚಾಯಿತು. ಸುವಾರ್ತೆ ಹೇಳ್ತೀನಿ ಅಂತ ಹೊರಡೋರು ಈ ಎರಡನೇ ಬಿಲ್ಲನ್ನು ಒಮ್ಮೆ ನೋಡಿ ಹೊರಡಬೇಕು.

ಇನ್ನು ಹಾನಗಲ್ಲು. ಇಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗ ಮಂದಿರವನ್ನೂ ಕಟ್ಟಿದರು. ತಮ್ಮ ಸಮಾಜಕ್ಕೆ ತಮ್ಮದೇ ಧರ್ಮವನ್ನು ಮತ್ತೆ ಕಲಿಸಬೇಕು ಅನ್ನೋದು ಅವರ ಹಟ. 1923ರಲ್ಲಿ ಬಿಜಾಪುರದ ಫ.ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ' ಪ್ರಕಟಿಸಿದರು. ಇಪ್ಪತ್ತನೇ ಶತಮಾನ ಶುರುವಾದಾಗ ಧಾರವಾಡ ಸೀಮೆಯ ಪಾದ್ರಿ ಎದುರಿಸುತ್ತಿದ್ದದ್ದು ತನ್ನ ಬೇರನ್ನು ತಾನೇ ಅಗೆದು ನೋಡ್ತಿದ್ದ ಒಂದು ಸಮಾಜವನ್ನು.

ಇದೇ ಹೊತ್ತಿಗೆ ಬರ್ತಾರೆ ನನ್ನ ಕಥೆಯ ನಾಯಕ, ಉತ್ತಂಗಿ ಚನ್ನಪ್ಪ. 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಹುಟ್ಟಿದವರು. ಹಿರಿಯರ ಊರು ಹಡಗಲಿ ತಾಲೂಕಿನ ಉತ್ತಂಗಿ, ಮೂಲ ಲಿಂಗಾಯತ ಮನೆತನ, ಹಿಂದಿನ ತಲೆಮಾರಿನಲ್ಲೇ ಕ್ರೈಸ್ತರಾದವರು. ಚನ್ನಪ್ಪನವರು ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಸುವಾರ್ತೆ ಹೇಳೋದೇ ಅವರ ಉದ್ಯೋಗ. ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಕಳಿಸಿತು. ಸಾಹೇಬರು ಹೋದ ಮೇಲೆ ಇಲ್ಲಿನ ಸಭೆಗಳ ಮುಂದೆ ಒಂದು ಪ್ರಶ್ನೆ ಉಳಿಯಿತು: ಇನ್ನು ಈ ಮಾತನ್ನು ಯಾರ ದನಿಯಲ್ಲಿ ಹೇಳೋದು?

ಚನ್ನಪ್ಪನವರು ಆಗ ಹಿಡಿದದ್ದು ಸರ್ವಜ್ಞನನ್ನು. ಅದೇ ಹಿರೇಕೆರೂರು ಸೀಮೆಯ ಸರ್ವಜ್ಞ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ ಅನ್ನೋದು ಪ್ರತೀತಿ. ಜನರ ಬಾಯಲ್ಲಿ, ಹಳೆ ಹಸ್ತಪ್ರತಿಗಳಲ್ಲಿ ಚೆದುರಿಹೋಗಿದ್ದ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ, ಒಂದಕ್ಕೊಂದು ಹೋಲಿಸಿ ನೋಡಿ, 1924ರಲ್ಲಿ ಸುಮಾರು ಎರಡು ಸಾವಿರ ವಚನಗಳ ಸಂಗ್ರಹವನ್ನು ದೊಡ್ಡ ಮುನ್ನುಡಿಯೊಂದಿಗೆ ಹೊರತಂದರು. ಇವತ್ತು ನಾವು ಸರ್ವಜ್ಞ ಅಂತ ಓದೋದರ ಅಡಿಪಾಯ ಆ ಪಾದ್ರಿ ಹಾಕಿದ್ದು. ಮುಂದೆ ಅವರು ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು, ಸಿದ್ಧರಾಮನ ಸಾಹಿತ್ಯ ಸಂಪಾದಿಸಿದರು.

ಹಾಗಾದರೆ ಕ್ರಿಸ್ತನ ಬಗ್ಗೆ ಹೇಳೋದನ್ನು ಬಿಟ್ಟುಬಿಟ್ಟರಾ? ಇಲ್ಲ ರೀ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಅಂತ ಅವರು ಒಂದು ಪುಸ್ತಕವನ್ನೇ ಬರೆದರು. ಆ ಹೆಸರನ್ನು ಇನ್ನೊಮ್ಮೆ ಓದಿ. ಬೆತ್ಲೆಹೇಮಿನ ಅಪ್ಪಣೆ ಅಲ್ಲ, ಸವಾಲೂ ಅಲ್ಲ, ವಿನಂತಿ. ವಿನಂತಿಗೆ ಎದುರಿಗಿರೋನು ಹೌದು ಅನ್ನಬಹುದು, ಇಲ್ಲ ಅನ್ನಬಹುದು, ಆಮೇಲೆ ನೋಡೋಣ ಅನ್ನಬಹುದು. ಏನಂದರೂ ಇಬ್ಬರೂ ಒಂದೇ ಊರಲ್ಲಿ ಮುಂದುವರಿಯಬಹುದು. ರಾಮಯ್ಯನ ಪಣಕ್ಕೂ ಚನ್ನಪ್ಪನವರ ವಿನಂತಿಗೂ ಇರೋ ಅಂತರ ಇದೇ.

ವಿನಂತಿ ಅಂದರೆ ಹೆದರಿಕೆಯ ಮೆತ್ತನೆ ಮಾತು ಅಂತ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಪಣ ಕಟ್ಟುವವನಿಗೆ ಎದುರಾಳಿಯ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ವಿನಂತಿ ಮಾಡುವವನು ಎದುರಿಗಿರೋನ ಮನೆಯೊಳಗೆ ಹೋಗಿ, ಅವನ ಪುಸ್ತಕ ಓದಿ, ಅವನ ದೇವರ ಮುಂದೆ ಗೌರವದಿಂದ ನಿಂತು, ಆಮೇಲೂ ನನ್ನ ಹತ್ತಿರ ನಿನಗೆ ಹೇಳೋ ಒಂದು ಮಾತಿದೆ ಅನ್ನಬೇಕು. ಹಾಗೆ ಒಳಗೆ ಹೋದಾಗ ಅವನ ಮಾತು ನಮ್ಮನ್ನೇ ಬದಲಾಯಿಸಿಬಿಡಬಹುದು ಅನ್ನೋ ಅಪಾಯವೂ ಇದೆ. ಎರಡು ಕಡೆಯಿಂದ ಅನುಮಾನ ಹುಟ್ಟೋದಂತೂ ಸಹಜ. ನಮ್ಮವರು ಇವನು ಅವರ ಕಡೆ ವಾಲಿದ ಅಂತಾರೆ. ಅವರು ಇದೆಲ್ಲ ಮತಾಂತರದ ಹೊಸ ಉಪಾಯ ಅಂತಾರೆ.

ಬೈಬಲ್ಲಿನಲ್ಲೇ ಇದಕ್ಕೊಂದು ಮೇಲ್ಪಂಕ್ತಿ ಇದೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಪೌಲ ಅಥೆನ್ಸ್ ನಗರಕ್ಕೆ ಹೋಗ್ತಾನೆ. ಊರು ಸುತ್ತಿ ಅವರ ಗುಡಿಗಳನ್ನು ನೋಡಿ, ಅಲ್ಲಿನ ಪಂಡಿತರ ಮುಂದೆ ನಿಂತಾಗ ಆತ ಆಧಾರಕ್ಕೆ ತೆಗೆದುಕೊಳ್ಳೋದು ಯೆಹೂದ್ಯರ ಗ್ರಂಥವನ್ನಲ್ಲ, ಗ್ರೀಕರ ಕವಿಗಳನ್ನು. ಕೊನೆಗೆ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳ್ತೀವಿ ಅಂದರು, ಕೆಲವರು ನಂಬಿದರು. ಮೂರೂ ಉತ್ತರವನ್ನು ಕೇಳಿಸಿಕೊಂಡು ಪೌಲ ಅಲ್ಲಿಂದ ಹೊರಟ. ಚನ್ನಪ್ಪನವರ ಕಾಲದಲ್ಲೇ ಉತ್ತರ ಭಾರತದಲ್ಲಿ ಅಮೆರಿಕದ ಮಿಷನರಿ ಸ್ಟಾನ್ಲಿ ಜೋನ್ಸ್ ಹಿಂದೂ, ಮುಸ್ಲಿಂ, ಕ್ರೈಸ್ತರನ್ನೆಲ್ಲ ದುಂಡುಮೇಜಿನ ಸುತ್ತ ಕೂರಿಸ್ತಿದ್ದರು. ನಿಯಮ ಒಂದೇ. ವಾದ ಬೇಡ, ಉಪದೇಶ ಬೇಡ, ನಿಮ್ಮ ನಂಬಿಕೆ ನಿಮ್ಮ ಬದುಕಿನಲ್ಲಿ ಏನು ಮಾಡಿತು ಅಷ್ಟನ್ನು ಹೇಳಿ.

ಈಗ ಕಾನೂನಿನ ಮಾತು. ಯಾಕಂದರೆ ನಮ್ಮ ವಯಸ್ಸಿನವರ ಅಳುಕಿನಲ್ಲಿ ಅರ್ಧ ಇದೇ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕೆಲವು ಸದಸ್ಯರು ಪ್ರಚಾರ ಅನ್ನೋ ಪದವನ್ನು ತೆಗೀಬೇಕು ಅಂದರು. ಆಗ ಅದರ ಪರ ಮಾತಾಡಿದವರಲ್ಲಿ ಟಿ.ಟಿ. ಕೃಷ್ಣಮಾಚಾರಿ ಒಬ್ಬರು. ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ಯಾರೂ ಮತಾಂತರಕ್ಕೆ ಪ್ರಯತ್ನಿಸಲಿಲ್ಲ ಅಂತ ಅವರು ಹೇಳಿದರು. ಪದ ಉಳಿಯಿತು. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ, ತನ್ನ ಧರ್ಮದ ತತ್ವವನ್ನು ತಿಳಿಸುವ ಹಕ್ಕು ಅಂತ ಗೆರೆ ಎಳೆಯಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಈ ಕಾಯ್ದೆ ಪ್ರಾರ್ಥನೆಗೆ ಸೇರುವ ಸಾಮಾನ್ಯ ಜನರಲ್ಲೂ ಹೆದರಿಕೆ ತಂದಿತು ಅಂತ ನನ್ನ ಅನಿಸಿಕೆ. ಆಮಿಷ, ಬಲವಂತ ತಪ್ಪು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೆಳೆಯನ ಜೊತೆ ಕೂತು ನನ್ನ ನಂಬಿಕೆ ಹೇಳಿಕೊಳ್ಳೋದು ಅಪರಾಧದ ಹಾಗೆ ಕಂಡರೆ, ಬಡವಾಗೋದು ಕ್ರೈಸ್ತರು ಮಾತ್ರ ಅಲ್ಲ. ಷರೀಫರನ್ನು ಕೊಟ್ಟ ನೆಲಕ್ಕೂ ಅದು ನಷ್ಟವೇ.

ಹೀಗಾಗಿ ನನ್ನ ಕ್ರೈಸ್ತ ಗೆಳೆಯರಿಗೆ ನಾನು ಹೇಳೋದು ಇಷ್ಟು. ಯಾರಾದರೂ ಕೇಳಿದರೆ ನಾಚಿಕೊಳ್ಳದೆ ಹೇಳಿ. ಯೂಟ್ಯೂಬ್ ಪ್ರಸಂಗಿಗಳ ಧಾಟಿ ಬೇಡ, ಮನೆಯಲ್ಲಿ ಆಡೋ ಕನ್ನಡದಲ್ಲಿ, ನಿಮಗೆ ನಿಜವಾಗಿ ಆದದ್ದನ್ನು ಹೇಳಿ. ಆಮೇಲೆ ಅವರ ಶಬರಿಮಲೆ ಯಾತ್ರೆ, ಅವರ ಇಷ್ಟಲಿಂಗ, ಅವರ ರೋಜಾ, ದೇವರೇ ಇಲ್ಲ ಅನ್ನೋ ಅವರ ವಾದ, ಅದನ್ನೂ ಅಷ್ಟೇ ಆಸೆಯಿಂದ ಕೇಳಿ. ಅದು ಇಷ್ಟವಿಲ್ಲದಿದ್ದರೆ ನಿಮ್ಮದನ್ನು ಹೇಳೋಕೆ ಹೋಗಬೇಡಿ. ಕ್ರೈಸ್ತರಲ್ಲದ ಗೆಳೆಯರಿಗೂ ಒಂದು ಮಾತು: ನಿಮ್ಮ ಪಕ್ಕದ ಸೀಟಿನವನು ಚರ್ಚಿನ ವಿಷಯ ಎತ್ತಿದರೆ ತಕ್ಷಣ ಅನುಮಾನ ಪಡಬೇಡಿ. ಇಷ್ಟವಿಲ್ಲದಿದ್ದರೆ ಬೇಡ ಅನ್ನಿ, ಆ ಹಕ್ಕು ನಿಮ್ಮದು. ಅವನು ಬಹಳ ದಿನ ಲೆಕ್ಕ ಹಾಕಿ ಆ ಮಾತು ಎತ್ತಿರ್ತಾನೆ.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಆರಿಸಿ ಬಂದವರು ಉತ್ತಂಗಿ ಚನ್ನಪ್ಪ. ಆಳಂದದಿಂದ ಹೊರಟು ಅಬಲೂರಿಗೆ ಬಂದು ಪಣ ಕಟ್ಟಿದ ರಾಮಯ್ಯನ ನಾಡು ಅದು. ಅಬಲೂರಿನ ಸರ್ವಜ್ಞನ ಮಾತನ್ನು ಕೂಡಿಸಿದ ಪಾದ್ರಿ ಅಲ್ಲಿಗೆ ಹೋಗಿ ಕನ್ನಡಿಗರ ಪರವಾಗಿ ನಿಂತರು. ಅವರು ಪಾದ್ರಿ ಅನ್ನೋದು ಆ ಸಭೆಗೆ ಗೊತ್ತಿತ್ತು, ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರಾಗಿಯೇ ಇದ್ದರು. ಸರ್ವಜ್ಞನನ್ನು ಬಿಡಲೂ ಇಲ್ಲ.